ಕೀಲಿ ಕೈಗೆ ಬಂದ ಮೇಲೆ: ಪುನರ್ವಸತಿ, ಮನಸ್ಸು ಮತ್ತು ಕುಡಿತ

ಮುಂಬೈಯ ಧಾರಾವಿಯ ಕನ್ನಡ ಮನೆಗಳಲ್ಲಿ ಈಗ ಓಡಾಡುತ್ತಿರುವ ಪ್ರಶ್ನೆ ಒಂದೇ: ನೀವು ಪಾತ್ರನಾ, ಅಪಾತ್ರನಾ? ಅಂದರೆ, ಹೊಸ ಮನೆಗೆ ಅರ್ಹರೋ ಅಲ್ಲವೋ? ಕೊಳೆಗೇರಿ ಕೆಡವಿ ಹೊಸದಾಗಿ ಕಟ್ಟುವ ಯೋಜನೆಗೆ 2024ರಲ್ಲಿ ಮನೆಮನೆ ಸರ್ವೆ ಶುರುವಾದಾಗಿನಿಂದ ಇದೇ ಮಾತು. 2000ದ ಜನವರಿ 1ಕ್ಕೆ ಮುಂಚಿನ ಕಾಗದ ಇದ್ದು, ಖೋಲಿ ನೆಲಮಟ್ಟದಲ್ಲಿದ್ದರೆ ಧಾರಾವಿಯಲ್ಲೇ 350 ಚದರ ಅಡಿಯ ಮನೆ, ಪುಕ್ಕಟೆ. 2000ದಿಂದ 2011ರ ನಡುವಿನವರಿಗೆ 2.5 ಲಕ್ಷ ರೂಪಾಯಿಗೆ ಮನೆ, ಆದರೆ ಧಾರಾವಿಯ ಹೊರಗೆ. ಅದಕ್ಕೂ ಆಮೇಲೆ ಬಂದವರಿಗೆ ಮತ್ತು ಮಾಳಿಗೆ ಮೇಲಿನವರಿಗೆ ಬಾಡಿಗೆ ಮನೆ, ಅದೂ ಹೊರಗೇ. ಹೊರಗೆ ಅಂದರೆ ಎಲ್ಲಿ? ದೇವನಾರಿನ ಕಸದ ಡಂಪಿಂಗ್ ಗ್ರೌಂಡು, ಮುಲುಂಡ್ ಮತ್ತು ಕಾಂಜೂರ್‌ಮಾರ್ಗದ ಉಪ್ಪಿನಾಗರಗಳ ಹೆಸರು ಕೇಳಿಬರುತ್ತಿದೆ.

ಕಾಗದ, ತಾರೀಕು, ಚದರ ಅಡಿ. ಇಡೀ ಚರ್ಚೆ ಇವುಗಳ ಸುತ್ತಲೇ ತಿರುಗುತ್ತಿದೆ. ತಪ್ಪೇನಿಲ್ಲ, ಮನೆ ದಕ್ಕಿದರೆ ತಾನೇ ಮುಂದಿನ ಮಾತು. ಆದರೆ ಕೀಲಿ ಕೈಗೆ ಬಂದು, ಸಾಮಾನು ಟೆಂಪೋದಿಂದ ಇಳಿಸಿ, ಬಾಗಿಲಿಗೆ ತೋರಣ ಕಟ್ಟಿದ ಮೇಲೆ ಆ ಮನೆಯೊಳಗಿನವರ ಮನಸ್ಸಿಗೆ ಏನಾಗುತ್ತದೆ ಅಂತ ಯಾರೂ ಕೇಳುತ್ತಿಲ್ಲ. ಗಂಡಸರ ಕುಡಿತ ಏಕೆ ಜಾಸ್ತಿಯಾಗುತ್ತದೆ, ಹುಡುಗರು ಏಕೆ ಬಿಲ್ಡಿಂಗಿನ ಟೆರೇಸು ಹತ್ತಿ ಕೂರುತ್ತಾರೆ, ಹೆಂಗಸರಿಗೆ ಏಕೆ ನಿದ್ದೆ ಬರುವುದಿಲ್ಲ ಅನ್ನುವುದು ಯಾವ ಯೋಜನಾ ವರದಿಯಲ್ಲೂ ಇರುವುದಿಲ್ಲ.

ಇದನ್ನು ಹತ್ತಿರದಿಂದ ನೋಡಿ, ಅಳೆದು, ಬರೆದಿಟ್ಟವರು ಇದ್ದಾರೆ. ಅವರು ನಿರಾಶ್ರಿತರ ಜೊತೆ ಕೆಲಸ ಮಾಡುವ ವೈದ್ಯರು ಮತ್ತು ಸಂಶೋಧಕರು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಧಾರಾವಿಯವರು ನಿರಾಶ್ರಿತರಲ್ಲ. 1951ರ ವಿಶ್ವಸಂಸ್ಥೆಯ ಒಪ್ಪಂದದ ಪ್ರಕಾರ ನಿರಾಶ್ರಿತ ಅಂದರೆ ಕಿರುಕುಳದ ಭಯದಿಂದ ತನ್ನ ದೇಶ ಬಿಟ್ಟು ಬಂದವನು. (ಭಾರತ ಆ ಒಪ್ಪಂದಕ್ಕೆ ಇವತ್ತಿಗೂ ಸಹಿ ಹಾಕಿಲ್ಲ.) ಬಾಂಬು, ಜೈಲು, ಚಿತ್ರಹಿಂಸೆ ನೋಡಿ ಬಂದವರ ಸಂಕಟವನ್ನೂ ಸರ್ಕಾರಿ ನೋಟಿಸು ಬಂದು ಎದ್ದವರ ಸಂಕಟವನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆದರೆ ಹೊಸ ಜಾಗದಲ್ಲಿ ಇಳಿದ ನಂತರದ ಕತೆ ಇದೆಯಲ್ಲ, ಅದು ಇಬ್ಬರದೂ ಬಹಳ ಮಟ್ಟಿಗೆ ಒಂದೇ. ನಾನು ಹೇಳಹೊರಟಿರುವುದು ಆ ಭಾಗವನ್ನು ಮಾತ್ರ.

ಭೂತಾನಿನವರ ಕತೆ

ಭೂತಾನಿನ ದಕ್ಷಿಣದಲ್ಲಿ ನೇಪಾಳಿ ಮಾತಾಡುವ ಲ್ಹೋತ್ಸಂಪಾ ಜನ ಇದ್ದರು. 1990ರ ಆಸುಪಾಸಿನಲ್ಲಿ ಅವರ ಪೌರತ್ವ ಕಿತ್ತುಕೊಂಡು ಹೊರಗಟ್ಟಲಾಯಿತು. ಲಕ್ಷಕ್ಕೂ ಹೆಚ್ಚು ಜನ ಪೂರ್ವ ನೇಪಾಳದ ಕ್ಯಾಂಪುಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ ಹೆಚ್ಚುಕಮ್ಮಿ 20 ವರ್ಷ ಕಳೆದರು. 2007ರ ಕೊನೆಯಿಂದ ಎಂಟು ದೇಶಗಳು ಇವರನ್ನು ಕರೆಸಿಕೊಳ್ಳತೊಡಗಿದವು. ಬಹುಪಾಲು ಜನ ಅಮೆರಿಕಕ್ಕೆ ಹೋದರು. ಗುಡಿಸಲು ಹೋಗಿ ಫ್ಲ್ಯಾಟು ಬಂತು. ನಲ್ಲಿ ತಿರುಗಿಸಿದರೆ ಬಿಸಿನೀರು, ಮಕ್ಕಳಿಗೆ ಶಾಲೆ, ಕೈಯಲ್ಲಿ ಕಾಗದಪತ್ರ. ಇಲ್ಲಿಗೆ ಕತೆ ಸುಖಾಂತ ಆಗಬೇಕಿತ್ತು, ಅಲ್ವಾ?

2009ರ ಫೆಬ್ರವರಿಯಿಂದ 2012ರ ಫೆಬ್ರವರಿವರೆಗೆ ಅಮೆರಿಕದಲ್ಲಿ ಇವರೊಳಗೆ 16 ಆತ್ಮಹತ್ಯೆಗಳು ವರದಿಯಾದವು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಲೆಕ್ಕ ಹಾಕಿದಾಗ ಈ ಪ್ರಮಾಣ ಅಮೆರಿಕದ ಸರಾಸರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಇತ್ತು. ನೇಪಾಳದ ಕ್ಯಾಂಪಿನಲ್ಲೂ ಪ್ರಮಾಣ ಜಾಸ್ತಿಯೇ ಇತ್ತು. ಅಂದರೆ ಬಿಸಿನೀರಿನ ಫ್ಲ್ಯಾಟು ಅದನ್ನು ಇಳಿಸಲಿಲ್ಲ.

ಸಿಡಿಸಿ ಸುಮ್ನೆ ಸಂಖ್ಯೆ ಕೊಟ್ಟು ಕೂರಲಿಲ್ಲ. 423 ಜನರನ್ನು ಮಾತಾಡಿಸಿತು. ಅವರಲ್ಲಿ 21% ಜನರಲ್ಲಿ ಖಿನ್ನತೆಯ ಲಕ್ಷಣ ಕಂಡಿತು. ಸಾಯಬೇಕು ಅನ್ನಿಸಿದ್ದು ಯಾರಿಗೆ ಅಂತ ನೋಡಿದರೆ ಎರಡು ಸಂಗತಿ ಎದ್ದು ಕಂಡವು. ಒಂದು, ಮನೆಗೆ ದುಡಿದು ಹಾಕುವವನು ತಾನಲ್ಲ ಅನ್ನುವ ಸ್ಥಿತಿ. ಇನ್ನೊಂದು, ಕಷ್ಟ ಅಂದರೆ ಬರುವವರು ಯಾರೂ ಇಲ್ಲ ಅನ್ನುವ ಭಾವನೆ. ಇದರ ಜೊತೆಗೆ ಭಾಷೆ ಬಾರದಿರುವುದು, ಹಿಂದೆ ಉಳಿದವರ ಚಿಂತೆ, ಹಬ್ಬಹರಿದಿನ ಮಾಡಲಾಗದ ಕೊರಗು. ನಲವತ್ತೈದು ದಾಟಿದ ಗಂಡಸಿಗೆ ಹೊಸ ಭಾಷೆ ಹತ್ತುವುದಿಲ್ಲ, ಕೆಲಸ ಸಿಗುವುದಿಲ್ಲ. ಹದಿನೈದರ ಮಗ ಇಂಗ್ಲಿಷ್ ಕಲಿತು ಅಪ್ಪನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತಾನೆ. ಮನೆಯ ಯಜಮಾನಿಕೆ ಯಾರೂ ಬಾಯಿಬಿಟ್ಟು ಹೇಳದೆ ಕೈ ಬದಲಾಗುತ್ತದೆ.

ಹಾಗಂತ ಎಲ್ಲ ನಿರಾಶ್ರಿತರೂ ಮಾನಸಿಕ ರೋಗಿಗಳು ಅಂದುಕೊಳ್ಳುವುದು ದೊಡ್ಡ ತಪ್ಪು. ಯುದ್ಧ, ಗಲಭೆ ನಡೆದ ಪ್ರದೇಶಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪಶ್ಚಿಮದ ದೇಶಗಳಲ್ಲಿ ನೆಲೆಸಿದ ಸುಮಾರು 7,000 ನಿರಾಶ್ರಿತರ ಅಧ್ಯಯನಗಳನ್ನು 2005ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಹಳೆಯ ಆಘಾತ ಮತ್ತೆ ಮತ್ತೆ ಕಾಡುವ ಪಿಟಿಎಸ್‌ಡಿ ಇದ್ದದ್ದು 9% ಜನರಿಗೆ, ದೊಡ್ಡ ಮಟ್ಟದ ಖಿನ್ನತೆ 5% ಜನರಿಗೆ. ಹತ್ತರಲ್ಲಿ ಒಂಬತ್ತು ಜನ ಹೇಗೋ ಕಾಲೂರಿ ನಿಲ್ಲುತ್ತಾರೆ. ಆ ಇನ್ನೊಬ್ಬ ಯಾರು, ಅವನು ಏಕೆ ಜಾರಿದ ಅನ್ನುವುದು ಪ್ರಶ್ನೆ.

ಅದೇ 2005ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆ ಇದಕ್ಕೆ ಉತ್ತರ ಕೊಡುತ್ತದೆ. ನಾವು ನಿರೀಕ್ಷಿಸುವ ಉತ್ತರ ಅಲ್ಲ. ಸ್ವಂತ ಮನೆ ಸಿಗದೆ ಶಿಬಿರದಂಥ ವಸತಿಯಲ್ಲಿ ಉಳಿದವರು, ದುಡಿಮೆಗೆ ದಾರಿ ಮುಚ್ಚಿದವರು ಜಾಸ್ತಿ ಕುಗ್ಗಿದ್ದರು. ಅದು ಸರಿ. ಆದರೆ ಮೊದಲು ಚೆನ್ನಾಗಿ ಬದುಕಿದ್ದವರು, ಹೆಚ್ಚು ಓದಿದವರು ಕೂಡ ಉಳಿದವರಿಗಿಂತ ಜಾಸ್ತಿ ಕುಗ್ಗಿದ್ದರು. ಹಳ್ಳಿಯಿಂದ ಬಂದವರು, ವಯಸ್ಸಾದವರು, ಹೆಂಗಸರು ಕೂಡ. ಕಳೆದುಕೊಳ್ಳಲು ಯಾರ ಹತ್ತಿರ ಜಾಸ್ತಿ ಇತ್ತೋ ಅವರಿಗೆ ಪೆಟ್ಟು ಜಾಸ್ತಿ. ಊರಲ್ಲಿ ಪಂಚರಲ್ಲಿ ಒಬ್ಬನಾಗಿದ್ದವನು ಇಲ್ಲಿ ಬಂದು ವಾಚ್‌ಮನ್ ಆದರೆ ಏನಾಗುತ್ತದೆ ಅಂತ ಮುಂಬೈ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಂದಾಗ ಕುಡಿಯುತ್ತಿರಲಿಲ್ಲ

ಕುಡಿತ ಮತ್ತು ಮಾದಕ ವಸ್ತುಗಳ ವಿಷಯದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಸ್ವೀಡನ್ನಿನ ಒಂದು ಅಧ್ಯಯನ. 2019ರಲ್ಲಿ ಪ್ರಕಟವಾದದ್ದು. ಅಲ್ಲಿ ಆರೋಗ್ಯ ದಾಖಲೆಗಳು ಎಲ್ಲರದ್ದೂ ಸಿಗುವುದರಿಂದ ದೊಡ್ಡ ಮಟ್ಟದಲ್ಲಿ ಲೆಕ್ಕ ಹಾಕಲು ಸಾಧ್ಯ. ನಿರಾಶ್ರಿತರಲ್ಲಿ ಕುಡಿತ ಮತ್ತು ಡ್ರಗ್ಸ್ ಸಂಬಂಧದ ಕಾಯಿಲೆ ಸ್ವೀಡನ್ನಿನಲ್ಲೇ ಹುಟ್ಟಿದವರಿಗಿಂತ ಕಡಿಮೆ ಇತ್ತು. ಹೌದು, ಕಡಿಮೆ. ಆದರೆ ವರ್ಷ ಕಳೆದಂತೆ ಆ ಅಂತರ ಕರಗುತ್ತಾ ಹೋಯಿತು. ಅಲ್ಲೇ ಇದ್ದು ಇದ್ದು ಅವರ ಪ್ರಮಾಣ ಸ್ಥಳೀಯರ ಪ್ರಮಾಣದ ಹತ್ತಿರಕ್ಕೆ ಬಂತು.

“ಇವರು ಬರುವಾಗಲೇ ಚಟ ತಗೊಂಡು ಬರ್ತಾರೆ” ಅನ್ನುವ ಮಾತು ಎಲ್ಲ ಕಡೆ ಇದೆ. ನಮ್ಮ ಸೊಸೈಟಿಗಳ ವಾಟ್ಸಾಪ್ ಗ್ರೂಪಿನಲ್ಲೂ ಇದೆ. ಲೆಕ್ಕ ಬೇರೆಯೇ ಹೇಳುತ್ತದೆ. ಚಟದ ಬಹುಪಾಲು ಹೊಸ ಜಾಗದಲ್ಲೇ ಹತ್ತುತ್ತದೆ. ಹತ್ತುವುದಕ್ಕೆ ಸಮಯ ಹಿಡಿಯುತ್ತದೆ. ಅಂದರೆ ತಡೆಯುವುದಕ್ಕೂ ಅಷ್ಟು ಸಮಯ ಸಿಗುತ್ತದೆ.

ಈಗ ಮುಂಬೈಗೆ ಬರೋಣ. ಜನರನ್ನು ಎಬ್ಬಿಸಿ ಬೇರೆ ಕಡೆ ಕೂರಿಸುವುದು ಈ ನಗರಕ್ಕೆ ಹೊಸದಲ್ಲ. 1976ರಲ್ಲಿ ಟ್ರಾಂಬೆಯ ಜನತಾ ಕಾಲೊನಿಯನ್ನು ಎಬ್ಬಿಸಿ ಚೀತಾ ಕ್ಯಾಂಪಿಗೆ ಹಾಕಿದರು. 2000ದ ನಂತರ ರೈಲು ಪಟ್ರಿ ಮತ್ತು ರಸ್ತೆ ಅಗಲ ಮಾಡುವ ಯೋಜನೆಗೆ ಸುಮಾರು ಒಂದು ಲಕ್ಷ ಜನರನ್ನು ಮಾನ್‌ಖುರ್ದಿನ ಲಲ್ಲೂಭಾಯಿ ಕಂಪೌಂಡ್, ಗೋವಂಡಿ, ವಾಶಿ ನಾಕಾದಂಥ ಕಡೆಗಳಿಗೆ ಸಾಗಿಸಿದರು. 225 ಚದರ ಅಡಿಯ ಮನೆಗಳು. ಒಂದು ಬಿಲ್ಡಿಂಗಿನ ಕಿಟಕಿಯಿಂದ ಕೈ ಚಾಚಿದರೆ ಪಕ್ಕದ್ದಕ್ಕೆ ತಾಗುತ್ತದೇನೋ ಅನ್ನುವಷ್ಟು ಒತ್ತೊತ್ತಾಗಿ ಕಟ್ಟಿದ್ದಾರೆ. ಕೆಳಗಿನ ಮಾಳಿಗೆಗಳಿಗೆ ಬಿಸಿಲು ಬೀಳುವುದಿಲ್ಲ. ಕ್ಷಯರೋಗ ಅಲ್ಲಿ ಏಕೆ ಇಷ್ಟು ಹಬ್ಬಿತು ಅಂತ ಅಧ್ಯಯನ ಮಾಡಿದವರು ಈ ಗಾಳಿಬೆಳಕಿನ ಕಡೆಗೇ ಬೆರಳು ತೋರಿಸಿದರು. 2017ರಿಂದ, ನಗರಕ್ಕೆ ನೀರು ತರುವ ತಾನ್ಸಾ ಪೈಪ್‌ಲೈನ್ ಪಕ್ಕದ ಸುಮಾರು 5,500 ಕುಟುಂಬಗಳನ್ನು ಎಬ್ಬಿಸತೊಡಗಿದರು. ಸುತ್ತ ರಿಫೈನರಿಗಳಿರುವ ಮಾಹುಲ್‌ಗೆ ಕಳಿಸಿದರು. ಅಲ್ಲಿನ ಗಾಳಿ ಆರೋಗ್ಯಕ್ಕೆ ಅಪಾಯ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. ಕೊನೆಗೆ 2019ರಲ್ಲಿ ಬಾಂಬೆ ಹೈಕೋರ್ಟು, ಜನರನ್ನು ಬಲವಂತವಾಗಿ ಮಾಹುಲ್‌ಗೆ ಕಳಿಸಬೇಡಿ, ಬೇರೆ ಮನೆ ಕೊಡುವವರೆಗೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಅಂತ ಆದೇಶಿಸಿತು.

ಮಾಹುಲ್ ಅಂದರೆ ಎಲ್ಲರೂ ಮಾತಾಡುವುದು ಗಾಳಿಯ ಬಗ್ಗೆ. ಅಲ್ಲಿ ಕೆಲ ಕಾಲ ಇದ್ದ ಕಲಬುರಗಿ ಕಡೆಯ ಒಬ್ಬ ಹೆಂಗಸು ನನ್ನ ಹತ್ತಿರ ಮಾತಾಡಿದ್ದು ಬಸ್ಸಿನ ಬಗ್ಗೆ. “ಹಳೇ ಬಸ್ತ್ಯಾಗಿದ್ದಾಗ ಐದು ಮನಿ ಭಾಂಡಿ ಮಾಡ್ತಿದ್ನಿರಿ. ಮುಂಜಾನೆ ಎದ್ದು ನಡ್ಕೊಂಡು ಹೋದ್ರ ಮುಗೀತು. ಮಾಹುಲ್‌ಗೆ ಹೋದ ಮ್ಯಾಲ ಬಸ್ಸು, ರಿಕ್ಷಾ, ಮತ್ತ ಬಸ್ಸು. ರೊಕ್ಕ ಎಲ್ಲಾ ದಾರಿಗೇ ಹೋಗಾಕತ್ತು. ಮೂರು ಮನಿ ಬಿಟ್ಟೆ.” ಮಗುವನ್ನು ಯಾರ ಹತ್ತಿರ ಬಿಡುತ್ತಿದ್ದಿರಿ ಅಂತ ಕೇಳಿದೆ. ಹಳೇ ಬಸ್ತಿಯಲ್ಲಿ ಬಿಡುವ ಪ್ರಶ್ನೆಯೇ ಇರಲಿಲ್ಲವಂತೆ. ಬಾಗಿಲು ತೆಗೆದಿದ್ದರೆ ಓಣಿಯವರೆಲ್ಲ ನೋಡಿಕೊಳ್ಳುತ್ತಿದ್ದರು. ಹೊಸ ಬಿಲ್ಡಿಂಗಿನಲ್ಲಿ ಲಾಟರಿ ಎತ್ತಿ ಮನೆ ಕೊಟ್ಟಿದ್ದರಿಂದ ಅಕ್ಕಪಕ್ಕ ಯಾರೋ, ಮೇಲೆ ಕೆಳಗೆ ಯಾರೋ. ಊರಿನ ಮಂದಿ ಬೇರೆ ಬೇರೆ ಬಿಲ್ಡಿಂಗಿಗೆ ಚದುರಿಹೋದರು.

ಗಂಡನ ವಿಷಯ ಅವರಾಗಿಯೇ ಎತ್ತಿದರು. ಸೆಂಟ್ರಿಂಗ್ ಕೆಲಸದವನು. ಹಳೇ ಜಾಗದಲ್ಲಿ ಬೆಳಿಗ್ಗೆ ನಾಕಾಕ್ಕೆ, ಅಂದರೆ ಕೂಲಿಯವರು ಕೆಲಸಕ್ಕೆ ಕಾಯುವ ಚೌಕಕ್ಕೆ, ಹೋಗಿ ನಿಂತರೆ ಗುರುತಿನ ಮುಕಾದಮ್ (ಮೇಸ್ತ್ರಿ) ಕರೆಯುತ್ತಿದ್ದ. ಹೊಸ ನಾಕಾದಲ್ಲಿ ಇವನ ಮುಖ ಯಾರಿಗೂ ಗೊತ್ತಿಲ್ಲ. “ಮೊದಲು ಕೆಲಸ ಸಿಕ್ಕ ದಿನ ಕುಡೀತಿದ್ದ. ಈಗ ಕೆಲಸ ಸಿಗದ ದಿನ ಕುಡೀತಾನ.”

ಈ ಎರಡು ಕುಡಿತದ ನಡುವಿನ ವ್ಯತ್ಯಾಸ ಬಹಳ ದೊಡ್ಡದು. ಮೊದಲನೆಯದು ಗೆಳೆಯರ ಜೊತೆ, ಸಂಬಳದ ದಿನ, ಒಂದು ಕ್ವಾರ್ಟರು. ಎರಡನೆಯದು ಒಂಟಿಯಾಗಿ, ನಿದ್ದೆ ಬರಲಿ ಅಂತ, ನಾಳೆಯ ಯೋಚನೆ ಬಾರದಿರಲಿ ಅಂತ. ಎರಡನೆಯದು ಔಷಧಿಯ ಹಾಗೆ ತೆಗೆದುಕೊಳ್ಳುವ ಕುಡಿತ. ಅದು ಕೆಲಸ ಮಾಡುತ್ತದೆ, ತಾಪತ್ರಯ ಇರುವುದೇ ಅಲ್ಲಿ. ಮದ್ಯ ಕುಡಿದರೆ ಬೇಗ ನಿದ್ದೆ ಹತ್ತುತ್ತದೆ. ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಅದೇ ಮದ್ಯ ನಿದ್ದೆ ಕೆಡಿಸುತ್ತದೆ. ಮೂರು ಗಂಟೆಗೆ ಎಚ್ಚರ, ಎದೆ ಡವಡವ, ಇಲ್ಲದ ಭಯ. ಮಾರನೇ ದಿನ ಮೈ ಭಾರ, ಮನಸ್ಸು ಇನ್ನೂ ಭಾರ. ಸಂಜೆಗೆ ಮತ್ತೆ ಅದೇ ಬೇಕು, ಮೊನ್ನೆಗಿಂತ ಸ್ವಲ್ಪ ಜಾಸ್ತಿ. ಖಿನ್ನತೆಯಿಂದ ಕುಡಿತವೋ ಕುಡಿತದಿಂದ ಖಿನ್ನತೆಯೋ ಅಂತ ಬಿಡಿಸಿ ನೋಡುವುದು ಆಮೇಲೆ ಡಾಕ್ಟರಿಗೂ ಕಷ್ಟ.

ಹುಡುಗರದ್ದು ಬೇರೆ ದಾರಿ. ಶಾಲೆ ದೂರವಾಗಿ ಬಿಟ್ಟವರು, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಬೀಗ ಹಾಕಿದ ಮನೆಯ ಹೊರಗೆ ಇರುವವರು. ಇವರ ಕೈಗೆ ಮೊದಲು ಸಿಗುವುದು ವೈಟ್ನರು, ಪಂಕ್ಚರ್ ಸೊಲ್ಯೂಷನ್ನು, ಕೆಮ್ಮಿನ ಸಿರಪ್ಪು, ‘ಬಟನ್’ ಅಂತ ಕರೆಯುವ ನಿದ್ದೆ ಮಾತ್ರೆ. ಆಮೇಲೆ ಎಂಡಿ, ಅಂದರೆ ಮೆಫೆಡ್ರೋನ್. ಇದು ಮಾದಕ ವಸ್ತುಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿದ್ದೇ 2015ರಲ್ಲಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆ ಮಾಡಿದ 2019ರ ಸಮೀಕ್ಷೆಯಲ್ಲಿ ಒಂದು ಸಂಗತಿ ಇದೆ. ಮೂಸುವ ವಸ್ತುಗಳ ಬಳಕೆ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ. ಬೇರೆ ಯಾವ ಮಾದಕ ವಸ್ತುವಿನಲ್ಲೂ ಹೀಗಿಲ್ಲ. ನೆರವು ಬೇಕಾದ ಇಂಥ ಮಕ್ಕಳು ಹೆಚ್ಚಿರುವ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದು.

ಚದುರಿಸುವುದು ಮತ್ತು ಒಟ್ಟಿಗೆ ಇಡುವುದು

ಇಲ್ಲಿ ಕರ್ನಾಟಕದ್ದೇ ಒಂದು ಉದಾಹರಣೆ ನೆನಪಾಗುತ್ತದೆ. 1960ರ ಹೊತ್ತಿಗೆ ಆಗಿನ ಮೈಸೂರು ಸರ್ಕಾರ ಟಿಬೆಟಿನವರಿಗೆ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. 1966ರಲ್ಲಿ ಮುಂಡಗೋಡ ಬಂತು. ಅವರು ಬಂದಾಗ ಅದು ಕಾಡು. ಮರ ಕಡಿದು, ಆನೆ ಓಡಿಸಿ, ಕಾಯಿಲೆಯಿಂದ ಸತ್ತು, ಬಹಳ ಕಷ್ಟಪಟ್ಟರು. ಆದರೆ ಅವರನ್ನು ಒಟ್ಟಿಗೆ ಇಟ್ಟರು. ಉಳುಮೆಗೆ ಜಮೀನು, ಪಕ್ಕದಲ್ಲಿ ತಮ್ಮವರೇ, ತಮ್ಮದೇ ಶಾಲೆ, ತಮ್ಮದೇ ಮಠ. ಅಮೆರಿಕ ಭೂತಾನಿನವರನ್ನು ಹಲವಾರು ರಾಜ್ಯಗಳಿಗೆ ಹಂಚಿತು. ಅವರು ಸ್ವಲ್ಪ ಕಾಸು ಕೂಡಿದ ಕೂಡಲೇ ಗಂಟುಮೂಟೆ ಕಟ್ಟಿಕೊಂಡು ಓಹಾಯೋ, ಪೆನ್ಸಿಲ್ವೇನಿಯಾ ಕಡೆ ಹೋಗಿ ತಾವೇ ಒಟ್ಟಾದರು. ಸರ್ಕಾರ ಚದುರಿಸಿದ್ದನ್ನು ಜನ ಸ್ವಂತ ಖರ್ಚಿನಲ್ಲಿ ಮತ್ತೆ ಜೋಡಿಸಿಕೊಂಡರು.

ಮುಂಬೈಯ ಲಾಟರಿ ಅದೇ ಚದುರಿಸುವ ಕೆಲಸವನ್ನು ಒಂದು ಕಾಲೊನಿಯ ಒಳಗೇ ಮಾಡುತ್ತದೆ. ಲಾಟರಿಯ ಹಿಂದಿನ ಉದ್ದೇಶ ಒಳ್ಳೆಯದೇ, ವಶೀಲಿಬಾಜಿ ತಡೆಯುವುದು. ಆದರೆ ಒಬ್ಬೊಬ್ಬರ ಹೆಸರಿಗೆ ಚೀಟಿ ಎತ್ತುವ ಬದಲು ಒಂದು ಓಣಿಯ ಹೆಸರಿಗೆ ಒಂದು ಮಾಳಿಗೆ ಅಂತ ಎತ್ತಬಹುದಲ್ಲ? ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಾಗುವುದಿಲ್ಲ. ನನ್ನ ಪ್ರಕಾರ ಧಾರಾವಿಯ ವಿಷಯದಲ್ಲಿ ಈಗಲೇ ಕೇಳಬೇಕಾದ ಮೊದಲ ಬೇಡಿಕೆ ಇದು. ಚದರ ಅಡಿಯ ಬೇಡಿಕೆಗಿಂತ ಇದು ಹಗುರ ಅಂತ ನನಗೆ ಅನ್ನಿಸುವುದಿಲ್ಲ.

ಡಾಕ್ಟರ ಹತ್ತಿರ ಹೋದರೆ

ಕುಡಿತಕ್ಕೆ ಸಿಕ್ಕಿಬಿದ್ದವರಲ್ಲಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ ಅನ್ನುತ್ತದೆ ಏಮ್ಸ್‌ನ ಅದೇ 2019ರ ಸಮೀಕ್ಷೆ. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಚಿತ್ರವೂ ಹೆಚ್ಚುಕಮ್ಮಿ ಇದೇ. ಮುಂಬೈಯಲ್ಲಿ ಸೌಲಭ್ಯ ಇಲ್ಲ ಅಂತಲ್ಲ. ಕೆಇಎಂ, ಸಯನ್, ನಾಯರ್ ಆಸ್ಪತ್ರೆ ಮೂರರಲ್ಲೂ ಮನೋರೋಗ ವಿಭಾಗ ಇದೆ, ಕೇಸ್ ಪೇಪರಿಗೆ ಅಂಥ ದುಡ್ಡೇನೂ ಆಗುವುದಿಲ್ಲ. ಅಡ್ಡ ಬರುವುದು ಒಂದು ದಿನದ ಕೂಲಿ ಮತ್ತು ಭಾಷೆ.

ನಲವತ್ತು ದಾಟಿದ ಯಾದಗಿರಿ ಕಡೆಯ ಹೆಂಗಸಿಗೆ ಬಜಾರಿಗೆ ಬೇಕಾದಷ್ಟು ಹಿಂದಿ ಬರುತ್ತದೆ. ಎದೆಯೊಳಗಿನ ಸಂಕಟ ಹೇಳುವಷ್ಟು ಬರುವುದಿಲ್ಲ. ಅವರು ಡಾಕ್ಟರ ಮುಂದೆ ಕೂತು ಹೇಳುವುದು ತಲೆಶೂಲೆ, ಕೈಕಾಲು ಸೆಳೆತ, ಎದೆಯುರಿ. ಡಾಕ್ಟರು ಗ್ಯಾಸಿನ ಮಾತ್ರೆ ಬರೆದು ಕಳಿಸುತ್ತಾರೆ. ಒಳ್ಳೆಯ ಡಾಕ್ಟರಾದರೆ ಇನ್ನೂ ಎರಡು ಪ್ರಶ್ನೆ ಕೇಳುತ್ತಾರೆ. ಆಗ ಅನುವಾದ ಮಾಡುವವರು ಯಾರು? ಜೊತೆಗೆ ಬಂದ ಹನ್ನೊಂದು ವರ್ಷದ ಮಗ. “ಸಾಯಬೇಕು ಅನ್ನಿಸುತ್ತಾ ಅಂತ ಅಮ್ಮನ್ನ ಕೇಳು” ಅಂತ ಆ ಮಗುವಿಗೆ ಹೇಳುವುದು ಹೇಗೆ? ಕೇಳಿದರೂ ತಾಯಿ ಹೂಂ ಅನ್ನುತ್ತಾಳಾ? ನಿರಾಶ್ರಿತರ ಕ್ಲಿನಿಕ್ಕುಗಳಲ್ಲಿ ಇದು ಎಷ್ಟು ಸಲ ಆಗಿದೆ ಅಂದರೆ, ಮಕ್ಕಳನ್ನು ದುಭಾಷಿ ಮಾಡಬೇಡಿ ಅನ್ನುವುದು ಅಲ್ಲಿ ಮೊದಲ ಪಾಠ. ನಮ್ಮ ಆಸ್ಪತ್ರೆಗಳಲ್ಲಿ ಅದೇ ದಿನನಿತ್ಯದ ವ್ಯವಸ್ಥೆ.

ಇನ್ನು ಖಾಸಗಿ ವ್ಯಸನಮುಕ್ತಿ ಕೇಂದ್ರಗಳು. ಒಳ್ಳೆಯವು ಇವೆ. ಪುಣೆಯ ಮುಕ್ತಾಂಗಣ 1986ರಿಂದ ನಡೆಯುತ್ತಿದೆ. ಡಾ. ಅನಿಲ್ ಅವಚಟ್ ಮತ್ತು ಡಾ. ಅನಿತಾ ಅವಚಟ್ ದಂಪತಿ ಶುರುಮಾಡಿದ ಸಂಸ್ಥೆ ಅದು. ಕೆಟ್ಟವೂ ಇವೆ. ನನಗೆ ಗೊತ್ತಿರುವ ಒಂದು ಮನೆಯವರು ಸಾಲ ಮಾಡಿ ಮಗನನ್ನು ಒಂದು ಕೇಂದ್ರಕ್ಕೆ ಸೇರಿಸಿದರು. ಆಮೇಲೆ ಅವನ ದನಿ ಕೇಳಲೂ ಬಿಡಲಿಲ್ಲ. ಹುಡುಗ ವಾಪಸು ಬಂದಾಗ ಬೆನ್ನ ಮೇಲೆ ಬಾಸುಂಡೆ ಇದ್ದವು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ ಮತ್ತು ಮಾದಕ ವಸ್ತುಗಳಿಂದ ಬರುವ ತೊಂದರೆಗಳೂ ಸೇರಿವೆ. ಅದರ ಪ್ರಕಾರ ಇಂಥ ಕೇಂದ್ರಗಳು ನೋಂದಣಿ ಮಾಡಿಸಬೇಕು. ಸರಪಳಿ ಹಾಕುವಂತಿಲ್ಲ, ಹೊಡೆಯುವಂತಿಲ್ಲ, ಮನೆಯವರ ಜೊತೆ ಮಾತಾಡುವ ಹಕ್ಕು ಕಿತ್ತುಕೊಳ್ಳುವಂತಿಲ್ಲ. ಸೇರಿಸುವ ಮುಂಚೆ ನೋಂದಣಿ ನಂಬರು ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ಡ್ರಗ್ಸ್ ಅಂದರೆ ಪೊಲೀಸು ಹಿಡಿಯುತ್ತಾರೆ ಅನ್ನುವ ಹೆದರಿಕೆಗೆ ಜನ ಆಸ್ಪತ್ರೆಗೇ ಬರುವುದಿಲ್ಲ. ಸೇವಿಸಿದ್ದಕ್ಕೆ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮಾಡಿದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಇದು ವಕೀಲರಿಗೆ ಬಿಟ್ಟರೆ ಹೆಚ್ಚಿನವರಿಗೆ ಗೊತ್ತಿಲ್ಲ.

ಇನ್ನೊಂದು ಎಚ್ಚರಿಕೆ, ಜೀವದ ಪ್ರಶ್ನೆ ಆದ್ದರಿಂದ ಬಿಡಿಸಿ ಹೇಳುತ್ತೇನೆ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಕುಡಿತ ನಿಂತ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವುದು, ದಿಕ್ಕುತಪ್ಪಿ ಬಡಬಡಿಸುವುದು ಆದರೆ ಅದು ತುರ್ತು ಸ್ಥಿತಿ. ದೇವರ ಮುಂದೆ ಆಣೆ ಮಾಡಿಸಿ, ಕೊರಳಿಗೆ ಮಾಲೆ ಹಾಕಿಸಿ ಬಿಡಿಸುವವರಿಗೂ ಇದು ಗೊತ್ತಿರಲಿ. ಮಾಲೆ ಹಾಕಿಸಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮುಂಚೆ ಡಾಕ್ಟರಿಗೆ ತೋರಿಸಿ.

ಗೋವಾದಲ್ಲಿ ಸಿಕ್ಕ ಉತ್ತರ

ಸೈಕಿಯಾಟ್ರಿಸ್ಟ್ ಸಂಖ್ಯೆ ಹೆಚ್ಚಾಗುವವರೆಗೆ ಕಾಯಬೇಕು ಅಂದರೆ ನಮ್ಮ ಮೊಮ್ಮಕ್ಕಳ ಕಾಲವೂ ಸಾಲದು. ಆದರೆ ಹಾಗೆ ಕಾಯಬೇಕಾಗಿಲ್ಲ ಅಂತ ತೋರಿಸಿದ್ದು ನಮ್ಮ ಪಕ್ಕದ ಗೋವಾ. ಅಲ್ಲಿನ ಸಂಗಾತ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ಮಾಡಿತು. ಮನೋವೈದ್ಯದ ಹಿನ್ನೆಲೆಯೇ ಇಲ್ಲದ ಸ್ಥಳೀಯರನ್ನು ಆರಿಸಿ, ತರಬೇತಿ ಕೊಟ್ಟು, ಅಪಾಯದ ಮಟ್ಟಕ್ಕೆ ಕುಡಿಯುವ ಗಂಡಸರ ಜೊತೆ ಕೂರಿಸಿದರು. ಹೆಚ್ಚೆಂದರೆ ನಾಲ್ಕು ಸಲ, ಪ್ರತಿ ಸಲ ಅರ್ಧ ಮುಕ್ಕಾಲು ಗಂಟೆ ಮಾತು. ಬೈಗುಳ ಇಲ್ಲ, ಆಣೆ ಇಲ್ಲ. ಯಾವಾಗ ಕುಡಿಯುತ್ತೀರಿ, ಯಾಕೆ, ಮುಂದಿನ ವಾರ ಏನು ಬದಲಾಯಿಸಬಹುದು, ಇಷ್ಟೇ. ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳಿಗೆ ಅಪಾಯದ ಮಟ್ಟದಿಂದ ಕೆಳಗೆ ಬಂದವರು ಮಾತುಕತೆ ನಡೆಸಿದ ಗುಂಪಿನಲ್ಲಿ 36%, ಮಾಮೂಲಿ ಆರೈಕೆ ಸಿಕ್ಕ ಗುಂಪಿನಲ್ಲಿ 26%. ವರ್ಷದ ನಂತರ ನೋಡಿದಾಗ ಅದು 54% ಮತ್ತು 32% ಆಗಿತ್ತು. ಪವಾಡ ಅಲ್ಲ. ಕುಡಿತ ಮುಂದುವರಿಸಿದವರು ದಿನಕ್ಕೆ ಕುಡಿಯುವ ಪ್ರಮಾಣ ಮೂರು ತಿಂಗಳಲ್ಲಿ ಅಷ್ಟೇನೂ ಇಳಿಯಲಿಲ್ಲ. ತೀರಾ ಅವಲಂಬನೆ ಬೆಳೆದವರಿಗೆ ಈ ಮಾತುಕತೆಯೊಂದೇ ಸಾಲದು, ಡಾಕ್ಟರು ಬೇಕೇ ಬೇಕು. ಆದರೆ ಚಟ ಹತ್ತುತ್ತಿರುವ ಹೊತ್ತಿನಲ್ಲಿ ಸಿಕ್ಕವರಿಗೆ ಇದು ಸಾಕಷ್ಟು ಕೆಲಸ ಮಾಡುತ್ತದೆ. ಸ್ವೀಡನ್ನಿನ ಲೆಕ್ಕ ಹೇಳಿದ ಆ ಸಮಯ ಇದೆಯಲ್ಲ, ಅದನ್ನು ಬಳಸಿಕೊಳ್ಳುವ ದಾರಿ ಇದು.

ಮುಂಬೈಯ ಕನ್ನಡ ಸಂಘಗಳ ಕಡೆ ನೋಡಿದರೆ ನನಗೆ ಸ್ವಲ್ಪ ಬೇಜಾರಾಗುತ್ತದೆ. ಕರಾವಳಿಯಿಂದ ಹೋಟೆಲು ಕೆಲಸಕ್ಕೆ ಬಂದ ಹುಡುಗರನ್ನು ಒಂದು ಕಾಲದಲ್ಲಿ ಕೈ ಹಿಡಿದದ್ದು ಕನ್ನಡ ರಾತ್ರಿ ಶಾಲೆಗಳು. ಹಗಲು ಟೇಬಲ್ಲು ಒರೆಸಿ ರಾತ್ರಿ ಓದಿ ಮೇಲೆ ಬಂದವರು ಎಷ್ಟೋ ಜನ. ಓದಿನಷ್ಟೇ ಮುಖ್ಯವಾಗಿ ಅಲ್ಲಿ ತಮ್ಮ ಭಾಷೆ ಮಾತಾಡುವ ನಾಲ್ಕು ಜನ ದಿನಾ ಸಿಗುತ್ತಿದ್ದರು. ಆಮೇಲೆ ಉತ್ತರ ಕರ್ನಾಟಕದಿಂದ ಗಾರೆ ಕೆಲಸಕ್ಕೆ, ನಾಕಾ ಕೆಲಸಕ್ಕೆ ಬಂದವರಿಗೆ ಅಂಥದ್ದು ಸಿಕ್ಕಿದ್ದು ಕಡಿಮೆ. ನಮ್ಮ ಸಭಾಂಗಣಗಳಲ್ಲಿ ಯಕ್ಷಗಾನ, ಸನ್ಮಾನ, ಪುಸ್ತಕ ಬಿಡುಗಡೆ ಎಲ್ಲ ಚೆನ್ನಾಗಿ ನಡೆಯುತ್ತದೆ. ಮಾನ್‌ಖುರ್ದಿಗೆ ಹೋಗುವ ಬಸ್ಸು ಹತ್ತಿದವರನ್ನು ನಾನು ಜಾಸ್ತಿ ಕಂಡಿಲ್ಲ. ಗೋವಾ ಮಾದರಿಯಲ್ಲಿ ಇಪ್ಪತ್ತು ಜನ ಕನ್ನಡ ಮಾತಾಡುವವರಿಗೆ ತರಬೇತಿ ಕೊಡಿಸುವುದು ಒಂದು ವಾರ್ಷಿಕೋತ್ಸವದಷ್ಟು ಕಷ್ಟದ ಕೆಲಸ ಅಲ್ಲ.

ಅಲ್ಲಿಯವರೆಗೆ ಫೋನು ಇದೆ. ಟೆಲಿ ಮಾನಸ್ 14416, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ್ದು. ಪುಕ್ಕಟೆ, 24 ಗಂಟೆ, ಕನ್ನಡವೂ ಸೇರಿ 20 ಭಾಷೆಗಳಲ್ಲಿ. ಮುಂಬೈಯಿಂದ ಮಾಡಿದರೂ ಕನ್ನಡ ಬೇಕು ಅಂತ ಕೇಳಿ. ಕುಡಿತ ಮತ್ತು ಡ್ರಗ್ಸ್ ವಿಷಯಕ್ಕೆ ಇನ್ನೊಂದು ಸಹಾಯವಾಣಿ ಇದೆ, 14446.

ಫೋನು ತಾನಾಗಿ ಮಾಡುವವರು ಕಡಿಮೆ ಅನ್ನುವುದೂ ನಿಜ. ಬಾಗಿಲಿಗೆ ಹೋಗಿ ಕೇಳುವವರು ಬೇಕು. ಮಹಾನಗರ ಪಾಲಿಕೆಯ ಆರೋಗ್ಯ ಸೇವಿಕೆಯರು ಗರ್ಭಿಣಿಯರು, ಕ್ಷಯ, ಲಸಿಕೆ ಅಂತ ಈಗಾಗಲೇ ಮನೆಮನೆಗೆ ಹೋಗುತ್ತಾರೆ. ಹೊಸದಾಗಿ ಕೂರಿಸಿದ ಕಾಲೊನಿಗಳಲ್ಲಿ ಮೊದಲ ಎರಡು ಮೂರು ವರ್ಷ ಅವರು ಇನ್ನು ಮೂರು ಪ್ರಶ್ನೆ ಕೇಳಿದರೆ ಸಾಕು. ಕಳೆದ 15 ದಿನದಲ್ಲಿ ಯಾವುದರಲ್ಲೂ ಮನಸ್ಸಿಲ್ಲದ ಹಾಗೆ ಆಗಿದೆಯಾ? ತುಂಬಾ ಬೇಜಾರು, ಮುಂದೆ ದಾರಿಯೇ ಇಲ್ಲ ಅನ್ನಿಸಿದೆಯಾ? ಮನೆಯಲ್ಲಿ ಯಾರಾದರೂ ಮೊದಲಿಗಿಂತ ಜಾಸ್ತಿ ಕುಡಿಯುತ್ತಿದ್ದಾರಾ? ಕನ್ನಡದವರ ಬಿಲ್ಡಿಂಗಿಗೆ ಕನ್ನಡ ಬರುವ ಸೇವಿಕೆಯನ್ನೇ ಹಾಕಬೇಕು. ಆದರೆ ಈ ಹೆಂಗಸರು ತಮ್ಮ ಸ್ವಂತ ಮಾನಧನಕ್ಕಾಗಿಯೇ ವರ್ಷಗಟ್ಟಲೆ ಹೋರಾಡುತ್ತಾ ಬಂದವರು. ಅವರ ಕೈಗೆ ಇನ್ನೊಂದು ಫಾರಂ ತುರುಕಿ, ಪುಕ್ಕಟೆ ಮಾಡಿ ಅನ್ನುವಂತಿಲ್ಲ. ಆ ದುಡ್ಡು ಲಿಫ್ಟು, ನೀರಿನ ಟ್ಯಾಂಕಿನ ಖರ್ಚಿನ ಹಾಗೆ ಪುನರ್ವಸತಿಯ ಬಜೆಟ್ಟಿನಲ್ಲೇ ಇರಬೇಕು.